ಉಪ್ಪಿನ ರಾಶಿಯಲ್ಲಿ ಮಲಗಿದ ಬೆಕ್ಕು

ಕೋಬೆ ಬಂದರು, ಜಪಾನ್
14 ನವೆಂಬರ್ 1982

ಅಕ್ಕ,

ನಿನ್ನ ತಮ್ಮ ಭೋಜ ಇನ್ನೂ ಮುಳುಗಿಲ್ಲ. ಹಡಗೂ ಮುಳುಗಿಲ್ಲ. ನನ್ನ ಅಡುಗೆ ತಿಂದು ಯಾರೂ ಸತ್ತದ್ದೂ ಇಲ್ಲ. ಇಷ್ಟು ಕ್ಷೇಮ ಸಮಾಚಾರ ಸಾಕಲ್ಲ?

ಈ ಕಾಗದವನ್ನೂ ಜೊತೆಗೊಂದು ಪುಸ್ತಕವನ್ನೂ ಮಲ್ಪೆಯ ಮುದ್ದಣ್ಣನ ಕೈಯಲ್ಲಿ ಕಳಿಸುತ್ತಿದ್ದೇನೆ. ಅವನ ಕರಾರು ಮುಗಿಯಿತು, ಊರಿಗೆ ಹೊರಟಿದ್ದಾನೆ. ನನ್ನದು ಮುಗಿಯಬೇಕಾದರೆ ಬರುವ ಜುಲೈ ಆಗಬೇಕು. ಅಲ್ಲಿಯವರೆಗೆ ಆಸ್ಟ್ರೇಲಿಯಾದಿಂದ ಕಬ್ಬಿಣದ ಮಣ್ಣು ಹೊತ್ತು ಜಪಾನಿಗೆ ಸುರಿಯುವುದು, ಪುನಃ ಹೋಗುವುದು. ಕತ್ತೆಯ ಕೆಲಸ.

ಪುಸ್ತಕ ಬೇಬಿಗೆ. ಬಂದರಿನ ಗೇಟು ದಾಟಿದರೆ ಒಂದು ಸಣ್ಣ ಪುಸ್ತಕದಂಗಡಿ ಉಂಟು. ಅದರ ಯಜಮಾನಿ ಒಬ್ಬಳು ಮುದುಕಿ. ಅವಳ ಬೆಕ್ಕು ಗಲ್ಲಾಪೆಟ್ಟಿಗೆಯ ಮೇಲೆಯೇ ಮಲಗಿರುತ್ತದೆ. ಚಿಲ್ಲರೆ ಕೊಡಬೇಕಾದರೆ ಮೊದಲು ಬೆಕ್ಕನ್ನು ಎತ್ತಬೇಕು. ಅವಳ ಭಾಷೆ ನನಗೆ ಬಾರದು, ನನ್ನದು ಅವಳಿಗೆ ಬಾರದು. ಬೇಬಿ ನಮ್ಮ ಬೊಳ್ಳಿಯನ್ನು ಸೊಂಟದ ಮೇಲೆ ಕೂರಿಸಿಕೊಂಡಿರುವ ಫೋಟೋ ಉಂಟಲ್ಲ, ಅದನ್ನು ತೋರಿಸಿದೆ. ಮುದುಕಿ ಹುಡುಗಿಯನ್ನು ನೋಡಲೇ ಇಲ್ಲ ಮಾರಾಯ್ತಿ, ಬೆಕ್ಕನ್ನು ನೋಡಿದಳು. ಆಮೇಲೆ ಏಣಿ ಹತ್ತಿ ಇದನ್ನು ತೆಗೆದುಕೊಟ್ಟಳು. ಇಡೀ ಪುಸ್ತಕ ಚಿತ್ರದಲ್ಲೇ ಕಥೆ. ಇಂಥದ್ದಕ್ಕೆ ಇಲ್ಲಿ ಮಾಂಗಾ ಎನ್ನುತ್ತಾರೆ. ಬೇಬಿಗೆ ಮೊದಲೇ ಹೇಳು, ಇಲ್ಲದಿದ್ದರೆ ಒಳಗೆ ಮಂಗ ಎಲ್ಲಿ ಎಂದು ಹುಡುಕಿಯಾಳು.

ಅವಳಿಗೆ ಜ್ವರ ಬಂದು ಬಂದು ಹೋಗುತ್ತದೆ ಎಂದು ಬರೆದಿದ್ದೆ. ಬಿಟ್ಟಿತೇ? ಭಾವ ಹೋದ ಮೇಲೆ ಆ ಮಗುವಿಗೆ ಅಪ್ಪ ಎಂದರೂ ಮಾವ ಎಂದರೂ ನಾನೇ. ಎಂತದ್ದೂ ಮುಚ್ಚಿಡದೆ ಬರೆ.

ಭೋಜ


ಮಣಿಪಾಲ
19 ಡಿಸೆಂಬರ್ 1982

ಭೋಜ,

ಮುದ್ದಣ್ಣ ಪುಸ್ತಕ ತಂದುಕೊಟ್ಟ. ಕಾಪುವಿನ ಮನೆಗೆ ಬೀಗ ನೋಡಿ, ನೆರೆಮನೆಯ ಮನೋರಮಾಳನ್ನು ಕೇಳಿಕೊಂಡು ಇಲ್ಲಿ ಆಸ್ಪತ್ರೆಯವರೆಗೂ ಬಂದ, ಪಾಪ. ಆಸ್ಪತ್ರೆ ಎಂದ ಕೂಡಲೇ ಹೆದರಬೇಡ. ಬೇಬಿಗೆ ರಕ್ತ ಕಡಿಮೆಯಂತೆ. ಸ್ವಲ್ಪ ದಿನ ಇರಬೇಕು ಎಂದಿದ್ದಾರೆ. ನಾನು ಪರ್ಕಳದಲ್ಲಿ ಒಂದು ಕೋಣೆ ಹಿಡಿದಿದ್ದೇನೆ. ಇಷ್ಟು ವರ್ಷ ತಲೆಯ ಮೇಲೆ ಮೀನಿನ ಬುಟ್ಟಿ ಹೊತ್ತು ತಿರುಗಿದ ಊರು, ಈಗ ಕೈ ಬೀಸಿಕೊಂಡು ನಡೆಯಲು ನಾಚಿಕೆಯಾಗುತ್ತದೆ. ದಾರಿಯಲ್ಲಿ ಹಳೆಯ ಗಿರಾಕಿಗಳು, ಎಂತ ಪ್ರಫುಲ್ಲಕ್ಕ, ಬಂಗುಡೆ ಇಲ್ವಾ ಎಂದು ಕೇಳುತ್ತಾರೆ. ಇಲ್ಲ ಎನ್ನುತ್ತೇನೆ, ಅಷ್ಟೇ.

ನಿನ್ನ ಸೊಸೆ ಬಂದ ಮರುದಿನವೇ ಡಾಕ್ಟರಲ್ಲಿ ಬೊಳ್ಳಿಯನ್ನು ಚೀಲದಲ್ಲಿ ಹಾಕಿ ತರಬಹುದಾ ಎಂದು ಕೇಳಿದಳು. ಡಾಕ್ಟರು ಒಳ್ಳೆಯವರು, ಬೈಯಲಿಲ್ಲ. ಈಗ ಬೆಕ್ಕಿನ ಒಂದು ಕೂದಲೂ ತಾಗಬಾರದು, ಗುಣವಾದ ಮೇಲೆ ಎಷ್ಟು ಬೇಕಾದರೂ ಎತ್ತಿಕೋ ಎಂದರು. ಬೊಳ್ಳಿ ಮನೋರಮಾಳ ಮನೆಯಲ್ಲಿದೆ. ಅವಳು ಅದಕ್ಕೆ ಬೂತಾಯಿ ಮೀನು ಹಾಕಿ ಹಾಕಿ ಕೊಬ್ಬಿಸುತ್ತಿದ್ದಾಳೆ.

ನಿನ್ನ ಪುಸ್ತಕ ನೋಡಿ ನಾವು ನಕ್ಕದ್ದೇ ನಕ್ಕದ್ದು. ಜಪಾನಿನ ಬೆಕ್ಕು ಇಷ್ಟು ಮರ್ಯಾದಸ್ಥ ಎಂದು ನನಗೆ ಗೊತ್ತಿರಲಿಲ್ಲ. ಎಲ್ಲಿಂದಲೋ ಬಾಯಲ್ಲಿ ಮೀನು ಕಚ್ಚಿಕೊಂಡು ಓಡೋಡಿ ಬಂದು ಮೀನಿನ ಅಂಗಡಿಯಲ್ಲಿ ಇಟ್ಟು ಹೋಗುತ್ತದೆ! ಅಂಗಡಿಯವನು ಮೊದಲು ಕೋಲು ಹಿಡಿದು ಹಾರಾಡುತ್ತಾನೆ, ಮೀನು ಸಿಕ್ಕಿದ ಮೇಲೆ ಸುಮ್ಮನೆ ಕೂತು ಚಹಾ ಕುಡಿಯುತ್ತಾನೆ. ನಮ್ಮ ಕಡಪ್ಪುರದ ಕಳ್ಳ ಪುಚ್ಚೆಗಳನ್ನೆಲ್ಲ ಒಂದು ವರ್ಷ ಅಲ್ಲಿಗೆ ಕಲಿಯಲು ಕಳಿಸಬೇಕು ಎಂದೆ.

ಪಕ್ಕದ ಮಂಚದಲ್ಲಿ ಕಾರ್ಕಳದ ಸಿಸಿಲಿಯಾ ಬಾಯಿ ಇದ್ದಾರೆ, ಜಾರಿ ಬಿದ್ದು ಸೊಂಟ ಮುರಿದುಕೊಂಡವರು. ಅವರ ಮನೆಯಲ್ಲಿ ಬೆಕ್ಕಿನ ದೊಡ್ಡ ಸಂಸಾರವೇ ಉಂಟಂತೆ. ಪುಸ್ತಕ ಈಗ ಅವರ ದಿಂಬಿನ ಅಡಿಯಲ್ಲಿ.

ಪ್ರಫುಲ್ಲಾ


ಕೋಬೆ
27 ಜನವರಿ 1983

ಅಕ್ಕ,

ರಕ್ತ ಕಡಿಮೆ ಅಷ್ಟೇ ತಾನೇ? ನಾನು ಎಂತೆಂತದೋ ಯೋಚಿಸಿದ್ದೆ. ಹರಿವೆ ಸೊಪ್ಪು ಕೊಡು, ಬೀಟ್‌ರೂಟ್ ಕೊಡು. ದೊಡ್ಡ ಮೀನಿನ ತಲೆ ಸಿಕ್ಕಿದರೆ ಸಾರು ಮಾಡಿ ಕುಡಿಸು. ಊರಿಗೆಲ್ಲ ಮೀನು ಮಾರುವವಳ ಮಗಳಿಗೆ ರಕ್ತ ಕಡಿಮೆಯೆಂದರೆ ಕೇಳಿದವರು ನಗುತ್ತಾರೆ.

ಮೀನು ತಂದಿಡುವ ಬೆಕ್ಕಿನ ವಿಷಯ ಓದಿ ನನಗೂ ಆಶ್ಚರ್ಯವಾಯಿತು. ನಾನು ಚಿತ್ರಗಳನ್ನು ಅಲ್ಲೊಂದು ಇಲ್ಲೊಂದು ನೋಡಿದ್ದು. ಈ ಜನ ಬಹಳ ಶಿಸ್ತಿನವರು, ಬೆಕ್ಕುಗಳೂ ಹಾಗೆಯೇ ಇರಬಹುದು.

ಈ ಸಲ ಎರಡು ಪುಸ್ತಕ ಅಂಚೆಯಲ್ಲಿ ಹಾಕಿದ್ದೇನೆ. ಒಂದರಲ್ಲಿ ಆನೆಯಂಥ ಜಟ್ಟಿಯೊಬ್ಬನನ್ನು ಅಂಗೈಯಷ್ಟು ಬೆಕ್ಕು ಕುಣಿಸುತ್ತದೆ. ಅದು ಸುಮ್ಮನೆ ನಗಲಿಕ್ಕೆ. ಯಾವ ಪುಟ ತೆರೆದರೂ ನಡೆಯುತ್ತದೆ. ಇನ್ನೊಂದರ ಹೊದಿಕೆ ಪೂರ್ತಿ ಬಿಳಿ. ಬೆಕ್ಕೆಂದರೆ ಜೀವ ಬಿಡುವವರಿಗೆ ಇದು ಎಂದು ಮುದುಕಿ ಸನ್ನೆಯಲ್ಲೇ ತಿಳಿಸಿದಳು. ಪುಸ್ತಕವನ್ನು ಎದೆಗೊತ್ತಿಕೊಂಡಳು, ಕೊಡಲೋ ಬೇಡವೋ ಎಂಬಂತೆ ನಿಂತಳು, ಕಣ್ಣನ್ನೂ ಒರೆಸಿಕೊಂಡಳು. ಇಲ್ಲಿ ಈಗ ಭಯಂಕರ ಚಳಿ, ಎಲ್ಲರ ಕಣ್ಣಲ್ಲೂ ನೀರು ಬರುತ್ತದೆ. ಹಡಗಿಗೆ ಹೊತ್ತಾಗಿತ್ತು, ನಾನು ಬಿಡಿಸಿಯೂ ನೋಡದೆ ಕಟ್ಟಿಸಿ ತಂದೆ. ಅದರ ಕಥೆಯೇನೆಂದು ಬೇಬಿಯೇ ನನಗೆ ಬರೆಯಬೇಕು. ಇದು ಮಾವನ ಆಜ್ಞೆ.

ಭೋಜ


ಮಣಿಪಾಲ
6 ಮಾರ್ಚ್ 1983

ಭೋಜ,

ಬೇಬಿಯ ಕೈಗೆ ಸೂಜಿ ಹಾಕಿದ್ದಾರೆ, ಬರೆಯಲು ಆಗುವುದಿಲ್ಲ. ಹಾಗಾಗಿ ಅವಳು ಹೇಳಿದಂತೆ ನಾನೇ ಬರೆಯುತ್ತಿದ್ದೇನೆ.

ಬಿಳಿ ಪುಸ್ತಕ ಅವಳ ಕೈ ಬಿಟ್ಟು ಇಳಿಯುವುದಿಲ್ಲ. ಅದರ ಕಥೆ ಹೀಗೆ. ಒಂದು ಮರ, ಅದರ ಕೆಳಗೆ ಉಪ್ಪಿನ ರಾಶಿ. ಮೀನಿಗೆ ಹಾಕಲು ರಾಶಿ ಮಾಡಿದ್ದಿರಬೇಕು, ಊರಿಡೀ ಉಪ್ಪು. ಮೊದಲು ಅಲ್ಲಿ ಯಾರೂ ಇಲ್ಲ. ಪುಟ ತಿರುಗಿಸಿದರೆ ಆ ಉಪ್ಪಿನಲ್ಲಿ ಒಂದು ಮುದಿ ಬೆಕ್ಕು ಮಲಗಿದೆ, ಸತ್ತ ಹಾಗೆ. ಅದು ಎದ್ದು ಕುಂಟುತ್ತಾ ಒಂದು ಮನೆಗೆ ಹೋಗುತ್ತದೆ. ಅಲ್ಲೊಬ್ಬ ಹೆಂಗಸು. ದಿನ ಹೋದಂತೆ ಬೆಕ್ಕಿನ ಕುಂಟು ಬಿಡುತ್ತದೆ, ಮೈ ತುಂಬುತ್ತದೆ. ಗೋಡೆ ಹಾರುತ್ತದೆ, ಚಿಟ್ಟೆ ಹಿಡಿಯುತ್ತದೆ. ಅತ್ತ ಹೆಂಗಸೂ ಹುಡುಗಿಯಾಗುತ್ತಾಳೆ. ಕಡೆಯ ಪುಟದಲ್ಲಿ ಅಂಗೈಯಷ್ಟಗಲದ ಮರಿ, ಅದನ್ನು ಎತ್ತಿಕೊಂಡ ಪುಟ್ಟ ಹುಡುಗಿ. ಮಂತ್ರದ ಉಪ್ಪು ಅದು, ಮಲಗಿದವರ ಕಾಯಿಲೆಯನ್ನೆಲ್ಲ ಹೀರಿ ಬಿಡುತ್ತದೆ ಎಂದು ನಾನು ಹೇಳಿದೆ. ಸುಳ್ಳೋ ನಿಜವೋ, ಕಥೆ ಹೇಳುವವಳು ನಾನಲ್ವಾ? ಊಟದ ಮೊದಲು ದಿನವೂ ಅದೇ ಕಥೆ ಆಗಬೇಕು. ಅದಾದರೆ ಎರಡು ತುತ್ತು ಹೆಚ್ಚಿಗೆ ತಿನ್ನುತ್ತಾಳೆ.

ಈಗ ಇಡೀ ವಾರ್ಡಿಗೆ ಅವಳೇ ಲೈಬ್ರರಿ. ಯಾರಿಗೆ ಯಾವ ಬೆಕ್ಕು ಎಂದು ಅವಳೇ ತೀರ್ಮಾನಿಸುತ್ತಾಳೆ. ಹೊಟ್ಟೆಗೆ ಹೊಲಿಗೆ ಹಾಕಿಸಿಕೊಂಡವರಿಗೆ ಜಟ್ಟಿಯ ಪುಸ್ತಕ ಕೊಡಬಾರದಂತೆ, ನಕ್ಕರೆ ಹೊಲಿಗೆ ಬಿಚ್ಚುತ್ತದೆ. ನರ್ಸ್ ಸೆಲೀನ್ ಮದ್ದು ಕೊಡಲು ಬಂದವಳು ಜಟ್ಟಿಯನ್ನು ನೋಡುತ್ತಾ ನಿಲ್ಲುತ್ತಾಳೆ.

ಒಂದು ದಿನ ಮಾತ್ರ ಅವಳಿಗೆ ಬೈದೆ. ಸೆಲೀನಳಿಂದ ಕತ್ತರಿ ಕೇಳಿ ತೆಗೆದುಕೊಂಡು ಬಿಳಿ ಪುಸ್ತಕದ ಪುಟಗಳ ಕೆಳಗಿನ ಮೂಲೆಯನ್ನೆಲ್ಲ ಕತ್ತರಿಸಿ ಹಾಕಿದ್ದಳು, ಇಲಿ ತಿಂದ ಹಾಗೆ. ಅಷ್ಟು ಚಂದದ ಪುಸ್ತಕ, ಮಾವ ಬೆವರು ಸುರಿಸಿ ಕಳಿಸಿದ್ದು, ಹಾಳು ಮಾಡಿದೆಯಲ್ಲ ಎಂದು ಚೆನ್ನಾಗಿಯೇ ಬೈದೆ. ಯಾಕೆ ಎಂದರೆ ಬಾಯಿ ಬಿಡಲಿಲ್ಲ.

ಹೇನು ಜಾಸ್ತಿಯಾಗಿದೆ ಎಂದು ಅವಳ ತಲೆ ಬೋಳಿಸಿದ್ದೇವೆ. ಮುಂದಿನ ಫೋಟೋ ಕಂಡು ಗಾಬರಿಯಾಗಬೇಡ.

ಪ್ರಫುಲ್ಲಾ


ಕೋಬೆ
3 ಏಪ್ರಿಲ್ 1983

ನನ್ನ ಬೇಬಿ,

ಇದು ನಿನಗೇ ಬರೆದ ಕಾಗದ. ಅಮ್ಮ ಕೇಳಿದರೂ ಮೊದಲು ನೀನು ಓದಿ ಆಮೇಲೆ ಕೊಡು.

ನಿಮ್ಮ ಕಾಗದ ಬಾರದೆ ಎರಡು ತಿಂಗಳಾಯಿತು, ನಮ್ಮ ಹಡಗಿನ ಕಂಪೆನಿಯ ಬೊಂಬಾಯಿ ಆಫೀಸಿನಲ್ಲಿ ಎಲ್ಲೋ ನಿದ್ದೆ ಹೊಡೆಯುತ್ತಿರಬೇಕು. ಇರಲಿ. ಇವತ್ತು ಒಂದು ದೊಡ್ಡ ಸಂಗತಿ ಗೊತ್ತಾಯಿತು. ಮುದುಕಿಯ ಅಂಗಡಿಯಲ್ಲಿ ನಿಂತು, ನಿನಗೆ ಮೊದಲು ಕಳಿಸಿದ ಮೀನಿನ ಬೆಕ್ಕಿನ ಪುಸ್ತಕವನ್ನೇ ತಿರುವುತ್ತಿದ್ದೆ. ಮುದುಕಿ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಪುಸ್ತಕ ಕಿತ್ತುಕೊಂಡು ಮಗುಚಿ ಕೊಟ್ಟಳು. ಇಲ್ಲಿಯವರ ಪುಸ್ತಕ ನಮ್ಮದರ ಹಾಗೆ ಅಲ್ಲ ಮಗಾ! ನಮಗೆ ಕಡೆಯ ಪುಟ ಯಾವುದೋ ಅವರಿಗೆ ಅದೇ ಮೊದಲ ಪುಟ. ನೀವು ಇಷ್ಟು ದಿನ ಕಥೆಯನ್ನು ಬಾಲದಿಂದ ತಲೆಗೆ ಓದಿದ್ದೀರಿ. ನಿನ್ನ ಅಮ್ಮ ಹೊಗಳಿದ ಮರ್ಯಾದಸ್ಥ ಬೆಕ್ಕು ಪಕ್ಕಾ ಕಳ್ಳ. ಮೀನು ತಂದು ಇಡುವುದಲ್ಲ, ಕದ್ದು ಓಡುವುದು. ಅಮ್ಮನಿಗೆ ಹೇಳು, ಕಳ್ಳ ಬೆಕ್ಕಿಗೆ ಊರು ಯಾವುದಾದರೇನು ಎಂದು.

ನಾನು ಕಳಿಸಿದ ಬಿಳಿ ಪುಸ್ತಕ ಬಂತಾ? ಅದನ್ನೂ ಆ ಕಡೆಯಿಂದ ಓದು. ನಿಜವಾದ ಕಥೆ ಏನೆಂದು ನನಗೆ ಬರೆ. ಬರೆಯದಿದ್ದರೆ ಊರಿಗೆ ಬಂದಾಗ ನಿನ್ನೊಡನೆ ಮಾತಿಲ್ಲ.

ನಿನ್ನ ಮಾವ


ಪೋರ್ಟ್ ಹೆಡ್‌ಲ್ಯಾಂಡ್, ಆಸ್ಟ್ರೇಲಿಯಾ
19 ಏಪ್ರಿಲ್ 1983

ಅಕ್ಕ,

ಇಲ್ಲಿ ಎರಡು ಕಾಗದ ಒಟ್ಟಿಗೆ ಸಿಕ್ಕಿದವು. ನಿನ್ನದೊಂದು, ಮುದ್ದಣ್ಣನದೊಂದು. ಹೇನಂತೆ! ಕಣ್ಣು ಮುಚ್ಚಿ ಹಾಲು ಕುಡಿಯುವ ಬೆಕ್ಕಿಗೆ ಲೋಕವೂ ಕುರುಡೆಂದು ತೋರುತ್ತದೆ. ಮುದ್ದಣ್ಣ ಪುನಃ ಆಸ್ಪತ್ರೆಗೆ ಹೋಗಿದ್ದಾನೆ, ನರ್ಸನ್ನು ಕೇಳಿದ್ದಾನೆ, ಬರೆದಿದ್ದಾನೆ. ರಕ್ತದ ಕ್ಯಾನ್ಸರ್ ಎಂದು. ನಾನು ಮೀನಿನ ತಲೆಯ ಸಾರು ಕುಡಿಸು ಎಂದು ಬರೆದೆನಲ್ಲ, ಅದನ್ನು ಓದುವಾಗ ನಿನಗೆ ಹೇಗಾಗಿರಬೇಕು? ನನಗೆ ನಿನ್ನ ಮೇಲೆ ಸಿಟ್ಟು ಬಂದಿದೆ. ಆ ಸಿಟ್ಟನ್ನು ಈ ಅಡುಗೆಕೋಣೆಯಲ್ಲಿ ಯಾರ ಮೇಲೆ ತೀರಿಸಲಿ?

ಅದಕ್ಕಿಂತ ಮೊದಲು ಇನ್ನೊಂದು. ಕೋಬೆಯಿಂದ ಬೇಬಿಗೆ ಒಂದು ಕಾಗದ ಹಾಕಿದ್ದೇನೆ. ಅದನ್ನು ಅವಳ ಕೈಗೆ ಕೊಡಬೇಡ. ಪುಸ್ತಕವನ್ನು ಆ ಕಡೆಯಿಂದ ಓದಬೇಕು ಎಂದು ದೊಡ್ಡ ಜಾಣನ ಹಾಗೆ ಬರೆದಿದ್ದೇನೆ. ನೀನು ಬರೆದ ಕಥೆ ಆಗ ನನಗೆ ತಲುಪಿರಲಿಲ್ಲ. ಅದು ಉಪ್ಪಲ್ಲ ಅಕ್ಕ, ಹಿಮ. ಚಳಿಗಾಲದಲ್ಲಿ ಜಪಾನಿನಲ್ಲಿ ಆಕಾಶದಿಂದ ಬೀಳುತ್ತದೆ. ಆ ಕಥೆಯನ್ನು ತಿರುಗಿಸಿ ನೋಡು. ಮರಿ ಬೆಳೆಯುತ್ತದೆ, ಮುದಿಯಾಗುತ್ತದೆ, ಹಿಮದಲ್ಲಿ ಹೋಗಿ ಮಲಗುತ್ತದೆ. ಆಮೇಲಿನ ಪುಟದಲ್ಲಿ ಬೆಕ್ಕಿಲ್ಲ. ಮುದುಕಿ ಕಣ್ಣೊರೆಸಿಕೊಂಡದ್ದು ಚಳಿಗಲ್ಲ ಎಂದು ನನಗೆ ಈಗ ಅರ್ಥವಾಗುತ್ತದೆ. ಹಡಗಿನ ಏಜೆಂಟನನ್ನು ಹಿಡಿದು ನಿನಗೆ ಟೆಲಿಗ್ರಾಂ ಕೊಡಿಸಿದ್ದೇನೆ. ಅದು ಮೊದಲು ಮುಟ್ಟುತ್ತದೋ ಕಾಗದ ಮೊದಲು ಮುಟ್ಟುತ್ತದೋ. ನಾನೇ ಎಸೆದ ಕಲ್ಲು, ಹಿಂದೆ ಓಡಿ ಹಿಡಿಯಲು ಸಮುದ್ರದ ಮೇಲೆ ಕಾಲಿಲ್ಲ.

ಕ್ಯಾಪ್ಟನನ ಹತ್ತಿರ ಹೋದೆ. ನನ್ನನ್ನು ಇಳಿಸಿ, ಊರಿಗೆ ಕಳಿಸಿ ಎಂದೆ. ನಿನ್ನ ಮಗಳಾ ಎಂದು ಕೇಳಿದ. ಅಕ್ಕನ ಮಗಳು ಎಂದೆ. ಹೆಂಡತಿ ಮಕ್ಕಳಾದರೆ ನಿಯಮ ಉಂಟು, ಅಕ್ಕನ ಮಕ್ಕಳಿಗೆ ಇಲ್ಲ ಎಂದ. ನಮ್ಮಲ್ಲಿ ಸಂತಾನ ನಡೆಯುವುದೇ ಅಕ್ಕತಂಗಿಯರ ಹೊಟ್ಟೆಯಲ್ಲಿ, ಮಾವನೇ ಮನೆಗೆ ಯಜಮಾನ ಎಂದು ಆ ಗ್ರೀಸ್ ದೇಶದವನಿಗೆ ಯಾವ ಭಾಷೆಯಲ್ಲಿ ತಿಳಿಸಲಿ? ಮಗಳೇ ಎಂದು ಒಂದು ಸುಳ್ಳು ಹೇಳಬೇಕಿತ್ತು. ಕೇಳಿದ ಹೊತ್ತಿಗೆ ಬಾಯಿಗೆ ಬರಲಿಲ್ಲ. ಬದಲಿ ಅಡುಗೆಯವನು ಸಿಗುವುದು ಜುಲೈಗೆ, ಸಿಂಗಾಪುರದಲ್ಲಂತೆ.

ಅಲ್ಲಿಯವರೆಗೆ ಅವಳನ್ನು ಹಿಡಿದುಕೋ ಅಕ್ಕ.

ಭೋಜ


ಮಣಿಪಾಲ
2 ಮೇ 1983

ಭೋಜ,

ಹೌದು, ಮುಚ್ಚಿಟ್ಟೆ. ಹೇಳಿದ್ದರೆ ಏನು ಮಾಡುತ್ತಿದ್ದೆ? ಸಮುದ್ರಕ್ಕೆ ಹಾರುತ್ತಿದ್ದೆಯಾ? ಉರಿಯುವುದು ನನ್ನ ಒಬ್ಬಳ ಹೊಟ್ಟೆಯಲ್ಲಿ ಉರಿದರೆ ಸಾಕು ಎಂದುಕೊಂಡೆ. ಈಗ ನಿನಗೂ ಗೊತ್ತಾಯಿತು. ಅದರಿಂದ ನನ್ನ ಉರಿಯೇನೂ ಕಡಿಮೆಯಾಗಲಿಲ್ಲ.

ಬೇಬಿಗೆ ಬರೆದ ಕಾಗದ ನಿನ್ನ ಟೆಲಿಗ್ರಾಂಗಿಂತ ಮೊದಲೇ ಬಂತು. ಅವಳ ಹೆಸರಿನಲ್ಲಿದ್ದರೂ ನಾನೇ ಒಡೆದು ಓದಿದೆ. ಓದುತ್ತಾ ಇದ್ದ ಹಾಗೆ ಆ ಬಿಳಿ ಪುಸ್ತಕ ಕಣ್ಣ ಮುಂದೆ ತಾನಾಗಿಯೇ ಹಿಂದಕ್ಕೆ ತಿರುಗಿತು. ಕಾಗದವನ್ನು ಪರ್ಕಳದ ಕೋಣೆಗೆ ಒಯ್ದು ಒಲೆಗೆ ಹಾಕಿದೆ. ಹೆದರಬೇಡ, ಅವಳಿಗೆ ಗೊತ್ತಾಗಲಿಲ್ಲ. ಆ ದಿನವೂ ಕಥೆ ಹೇಳಿದೆ. ಉಪ್ಪಿನಿಂದ ಬೆಕ್ಕು ಎದ್ದಿತು, ಮನೆಗೆ ಹೋಯಿತು, ಸಣ್ಣದಾಯಿತು. ಸ್ವರ ಎಲ್ಲಿ ಒಡೆಯುತ್ತದೋ ಎಂದು ನನಗೆ ಹೆದರಿಕೆ. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ಕಡೆಗೆ, "ಚಂದ ಉಂಟು ಅಮ್ಮ, ನಾಳೆಯೂ ಹೇಳು" ಎಂದಳು.

ಸಿಸಿಲಿಯಾ ಬಾಯಿ ಕೋಲು ಹಿಡಿದು ನಡೆದು ಕಾರ್ಕಳಕ್ಕೆ ಹೋದರು. ಆ ಮಂಚಕ್ಕೆ ಬೇರೆಯವರು ಬಂದಿದ್ದಾರೆ. ಅವರಿಗೆ ಬೆಕ್ಕು ಎಂದರೆ ಆಗುವುದಿಲ್ಲವಂತೆ, ಬೇಬಿ ಅವರ ಜೊತೆ ಮಾತು ಬಿಟ್ಟಿದ್ದಾಳೆ.

ಹೊಸ ಮದ್ದು ಕೊಡುತ್ತಿದ್ದಾರೆ. ಮಾರಿಗುಡಿಯಲ್ಲಿ ಹರಕೆ ಹೇಳಿದ್ದೇನೆ. ಸಿಸಿಲಿಯಾ ಬಾಯಿ ಅವರ ಇಗರ್ಜಿಯಲ್ಲಿ ಮೇಣದಬತ್ತಿ ಹಚ್ಚುತ್ತೇನೆ ಎಂದಿದ್ದಾರೆ. ಇನ್ನು ಯಾವ ಬಾಗಿಲು ಉಳಿದಿದೆ ಎಂದು ನೀನು ಹೇಳಿದರೆ ಅಲ್ಲಿಗೂ ಹೋಗುತ್ತೇನೆ.

ಪ್ರಫುಲ್ಲಾ


ಕಾಪು
18 ಮೇ 1983

ಭೋಜ,

ಬೇಬಿಯನ್ನು ಮನೆಗೆ ಕರೆದುಕೊಂಡು ಬಂದೆವು. ಡಾಕ್ಟರೇ ಕರೆದುಕೊಂಡು ಹೋಗಿ ಎಂದರು. ಬೆಕ್ಕು ಹತ್ತಿರ ಬಂದರೆ ಎಂತ ಮಾಡುವುದು ಎಂದು ಕೇಳಿದೆ. ಬರಲಿ, ಜೊತೆಗೇ ಮಲಗಿಸಿಕೊಳ್ಳಲಿ, ಇನ್ನು ಎಂತದ್ದೂ ತೊಂದರೆ ಇಲ್ಲ ಎಂದರು.

ಬೊಳ್ಳಿ ಮೊದಲ ದಿನ ಮೂಸಿ ನೋಡಿ ದೂರ ಹೋಯಿತು, ಮದ್ದಿನ ವಾಸನೆಗೆ. ಬೇಬಿ ಅತ್ತಳು. ಎರಡನೆಯ ದಿನ ತಾನಾಗಿಯೇ ಬಂದು ಅವಳ ಕಾಲ ಮೇಲೆ ಮಲಗಿತು. ಈಗ ಎಬ್ಬಿಸಿದರೂ ಏಳುವುದಿಲ್ಲ.

ಹೆಚ್ಚು ಬರೆಯಲು ಆಗುವುದಿಲ್ಲ.

ಪ್ರಫುಲ್ಲಾ


ಕೋಬೆ
7 ಜೂನ್ 1983

ಅಕ್ಕ, ಅಕ್ಕ, ನನ್ನ ಅಕ್ಕ,

ನಿನ್ನ ಎರಡು ಕಾಗದವೂ ಒಟ್ಟಿಗೆ ಸಿಕ್ಕಿತು. ಮೊದಲನೆಯದನ್ನು ಓದಿ ಕುಸಿದು ಕೂತಿದ್ದೆ, ಎರಡನೆಯದನ್ನು ಓದಿ ಎದ್ದು ಕುಣಿದೆ. ಹೊಸ ಮದ್ದು ಹಿಡಿಯಿತಲ್ಲ! ಒಂದು ಕೂದಲೂ ತಾಗಬಾರದು ಎಂದ ಡಾಕ್ಟರು ಈಗ ಬೆಕ್ಕನ್ನು ಜೊತೆಗೇ ಮಲಗಿಸಿಕೋ ಎನ್ನಬೇಕಾದರೆ ಇನ್ನೇನು ಬೇಕು? ಗುಣವಾದ ಮೇಲೆ ಎತ್ತಿಕೋ ಎಂದು ಅವರೇ ಅಲ್ಲವೇ ಅವತ್ತು ಹೇಳಿದ್ದು? ಇಷ್ಟು ದೊಡ್ಡ ಸಮಾಚಾರವನ್ನು ಸತ್ತ ಮನೆಯವರ ಹಾಗೆ ನಾಲ್ಕು ಸಾಲಿನಲ್ಲಿ ಬರೆಯುತ್ತಾರಾ? ದಣಿದಿರುತ್ತೀ, ಗೊತ್ತು. ಇನ್ನಾದರೂ ಸ್ವಲ್ಪ ಮಲಗು.

ನಾನು ಹಡಗಿಗೆಲ್ಲ ಪಾಯಸ ಮಾಡಿ ಹಾಕಿದೆ. ಆ ಕ್ಯಾಪ್ಟನನೂ ಎರಡು ಸಲ ಹಾಕಿಸಿಕೊಂಡ. ಯಾಕೆ ಎಂದು ಕೇಳಿದವರಿಗೆಲ್ಲ ನನ್ನ ಮಗಳಿಗೆ ಗುಣವಾಯಿತು ಎಂದೆ. ಈ ಸಲ ಬಾಯಿಗೆ ಸಲೀಸಾಗಿ ಬಂತು.

ಮುದುಕಿಯ ಅಂಗಡಿಗೂ ಓಡಿದೆ. ಫೋಟೋ ತೋರಿಸಿ ಕೈ ಮೇಲೆತ್ತಿ ನಕ್ಕೆ. ಅವಳಿಗೆ ಅರ್ಥವಾಯಿತು, ಅವಳೂ ನಕ್ಕಳು. ಪುಸ್ತಕವೊಂದನ್ನು ಹುಡುಕಿ ಕೊಟ್ಟಳು. ಈ ಸಲ ಬುದ್ಧಿ ಬಂದಿದೆ, ಎರಡು ಕಡೆಯಿಂದಲೂ ಪೂರ್ತಿ ನೋಡಿಯೇ ತೆಗೆದುಕೊಂಡೆ. ಒಂದು ಮನೆ, ಅದರ ತುಂಬ ಮರಿಗಳು. ಯಾವ ಕಡೆಯಿಂದ ಓದಿದರೂ ಯಾರಿಗೂ ಎಂತದ್ದೂ ಆಗುವುದಿಲ್ಲ. ಇದನ್ನು ಅಂಚೆಗೆ ಹಾಕುವುದಿಲ್ಲ, ನಾನೇ ಅವಳ ಕೈಯಲ್ಲಿ ಇಡುತ್ತೇನೆ. ಇನ್ನೊಂದು ತಿಂಗಳು.

ಭೋಜ


ಕಾಪು
22 ಜೂನ್ 1983

ಭೋಜ,

ನಿನ್ನ ಪಾಯಸದ ಕಾಗದ ಬಂತು.

ಬೇಬಿ ಮೇ ತಿಂಗಳ ಕಡೆಯಲ್ಲೇ ಹೋದಳು. ಬೆಳಗ್ಗೆ, ಮಳೆ ಬರುವ ಮೊದಲು. ಟೆಲಿಗ್ರಾಂ ಕೊಡಬೇಡ ಎಂದು ನಾನೇ ಮನೋರಮಾಳನ್ನು ತಡೆದೆ. ನಾಲ್ಕು ಶಬ್ದ ಓದಿ, ನೀರಿನ ಮಧ್ಯೆ ನೀನು ಯಾರನ್ನು ಹಿಡಿದುಕೊಂಡು ಅಳುವುದು? ಡಾಕ್ಟರು ಮನೆಗೆ ಕಳಿಸಿದ್ದು ಇನ್ನು ಮಾಡಲು ಏನೂ ಉಳಿದಿಲ್ಲ ಎಂದು. ಬೆಕ್ಕು ತಾಗಿದರೂ ಇನ್ನು ತೊಂದರೆ ಇಲ್ಲ ಎಂದದ್ದು ಅದಕ್ಕೇ. ಅದನ್ನು ಸರಿಯಾಗಿ ಬರೆಯಲು ನನ್ನ ಕೈಯಿಂದ ಆಗಲಿಲ್ಲ. ನೀನು ಅಲ್ಲಿ ಕುಣಿದೆ. ಕುಣಿದದ್ದಕ್ಕೆ ನಿನ್ನ ತಪ್ಪಿಲ್ಲ.

ಅವಳು ನಿನಗೆಂದು ಬರೆದ ಕಾಗದ ಇದರೊಳಗೆ ಇಟ್ಟಿದ್ದೇನೆ. ನಾಲ್ಕು ಕಡೆಯೂ ಅನ್ನದ ಅಗುಳಿನಿಂದ ಅಂಟಿಸಿ, ಅಮ್ಮ ಓದಬಾರದು ಎಂದು ದೇವರಾಣೆ ಹಾಕಿಸಿಕೊಂಡಳು. ನಾನು ಬಿಚ್ಚಲಿಲ್ಲ. ಬಿಚ್ಚದೆ ಇಟ್ಟುಕೊಳ್ಳುವುದು ಎಷ್ಟು ಕಷ್ಟ ಎಂದು ನಿನಗೆ ತಿಳಿಯದು. ಒಳಗೆ ಎಂತ ಬರೆದಿದ್ದಾಳೆ, ಅಷ್ಟು ನನಗೆ ತಿಳಿಸು.

ಒಂದು ಸಮಾಧಾನ ಮಾತ್ರ ನನಗೆ ಉಂಟು. ಕಡೆಯವರೆಗೂ ಅವಳಿಗೆ ಗೊತ್ತಾಗಲಿಲ್ಲ. ಬೆಕ್ಕು ಎದ್ದು ಬಂದು ಮರಿಯಾಯಿತು ಎಂದೇ ನಂಬಿ ಹೋದಳು. ಆ ಒಂದು ಕೆಲಸವನ್ನಾದರೂ ನಾನು ನೆಟ್ಟಗೆ ಮಾಡಿದೆ. ಆದರೆ ಆ ಪುಸ್ತಕದ ಮೂಲೆ ಕತ್ತರಿಸಿದ್ದಕ್ಕೆ ಬೈದೆನಲ್ಲ, ಅದು ನನ್ನನ್ನು ತಿನ್ನುತ್ತದೆ. ಒಂದು ಚೂರು ಕಾಗದಕ್ಕೆ ಮಗುವನ್ನು ಅಳಿಸಿದೆ. ಯಾಕೆ ಕತ್ತರಿಸಿದಳೋ ಏನೋ.

ಪ್ರಫುಲ್ಲಾ


ಕಾಪು
24 ಮೇ 1983

ಪ್ರೀತಿಯ ಮಾವ,

ಅಮ್ಮ ನೀರು ತರಲು ಹೋಗಿದ್ದಾಳೆ, ಬೇಗ ಬರೆಯುತ್ತೇನೆ. ಬೊಳ್ಳಿ ಕಾಲ ಮೇಲೆ ಉಂಟು. ಭಾರ ಆಗುತ್ತದೆ, ಆದರೆ ಏಳಿಸಲು ಮನಸ್ಸಿಲ್ಲ.

ಬೆಕ್ಕು ಇಷ್ಟ ಇರುವವರಿಗೆ ಯಾವ ಪುಸ್ತಕ ಕೊಡಬೇಕು ಎಂದು ನಾನು ಹೇಳುತ್ತೇನೆ, ನೀನು ಊರಿಗೆ ಬಂದಾಗ ಕೊಡು. ಜಟ್ಟಿಯ ಪುಸ್ತಕ ಕಾರ್ಕಳದ ಸಿಸಿಲಿಯಾ ಬಾಯಿಗೆ. ಈಗ ಅವರ ಸೊಂಟ ಸರಿಯಾಗಿದೆ, ನಗಬಹುದು. ಮೀನು ಕದಿಯುವ ಬೆಕ್ಕಿನದ್ದು ನರ್ಸ್ ಸೆಲೀನ್ ಅಕ್ಕನಿಗೆ. ಅವರಿಗೆ ಬೆಕ್ಕು ಸಾಕಬೇಕು ಎಂದು ಆಸೆ, ಹಾಸ್ಟೆಲಿನಲ್ಲಿ ಬಿಡುವುದಿಲ್ಲ.

ಕದಿಯುವ ಎಂದು ಬರೆದೆ ಅಲ್ವಾ, ಅದು ತಪ್ಪಲ್ಲ. ನನಗೆ ಗೊತ್ತುಂಟು ಮಾವ. ಪುಟದ ಕೆಳಗೆ ಮೂಲೆಯಲ್ಲಿ ಸಣ್ಣದಾಗಿ ನಂಬರ್ ಉಂಟು. ಒಂದು ಇರುವುದು ಆ ಕಡೆಯಲ್ಲಿ. ಬಿಳಿ ಪುಸ್ತಕ ಬಂದ ದಿನವೇ ನೋಡಿದೆ. ಅಮ್ಮ ಚಹಾ ತರಲು ಹೋದಾಗ ಒಂದರಿಂದ ಕಡೆಯವರೆಗೆ ಓದಿದೆ. ಆಮೇಲೆ ಅಮ್ಮ ಬಂದು ಈ ಕಡೆಯಿಂದ ಹೇಳಿದಳು. ಬೆಕ್ಕು ಎದ್ದು ಮನೆಗೆ ಹೋಗುವಾಗ ಅಮ್ಮನ ಮುಖ ನೋಡಬೇಕಿತ್ತು ನೀನು. ನಂಬರ್ ಕಂಡರೆ ಅವಳಿಗೂ ಗೊತ್ತಾಗುತ್ತದೆ ಎಂದು ಮೂಲೆ ಕತ್ತರಿಸಿದೆ. ಅಮ್ಮ ಬೈದಳು. ಬೈದರೆ ಬೈಯಲಿ, ಅವಳಿಗೆ ಗೊತ್ತಾಗುವುದು ಬೇಡ. ನೀನೂ ಹೇಳಬೇಡ.

ಬಿಳಿ ಪುಸ್ತಕ ಅಮ್ಮನಿಗೆ. ಅವಳು ತನಗೆ ಬೆಕ್ಕು ಇಷ್ಟ ಇಲ್ಲ ಎನ್ನುತ್ತಾಳೆ, ಸುಳ್ಳು. ಮೀನು ಕೊಯ್ಯುವಾಗ ತಲೆ ಯಾರಿಗೆ ಹಾಕುತ್ತಾಳೆ ಎಂದು ನಾನು ನೋಡಿದ್ದೇನೆ. ನಮ್ಮ ಕಡೆಯಿಂದಲೇ ಓದಲು ಹೇಳು.

ನಿನಗೆ ಯಾವ ಪುಸ್ತಕವೂ ಇಲ್ಲ, ಮುಗಿಯಿತು. ನೀನು ಬೊಳ್ಳಿಯನ್ನು ನೋಡಿಕೋ.

ನಿನ್ನ ಬೇಬಿ


ಸಿಂಗಾಪುರ
14 ಜುಲೈ 1983

ಅಕ್ಕ,

ನನ್ನನ್ನು ಇಳಿಸಿದರು. ಇನ್ನು ಕೆಲವೇ ದಿನದಲ್ಲಿ ನಾನು ನಿನ್ನ ಅಂಗಳದಲ್ಲಿರುತ್ತೇನೆ. ಹಾಗಿದ್ದೂ ಕಾಗದ ಬರೆಯುತ್ತಿದ್ದೇನೆ. ನೀನು ಕೇಳಿದ್ದಕ್ಕೆ ಎದುರು ಕೂತು ಉತ್ತರ ಹೇಳಲು ನನ್ನಿಂದ ಆಗುವುದಿಲ್ಲ. ನಾನು ಬಂದ ಮೇಲೆ ಪುನಃ ಕೇಳಬೇಡ.

ಬೇಬಿಯ ಕಾಗದ ನನ್ನಲ್ಲಿ ಇಲ್ಲ. ಓದಿ ಕೈಯಲ್ಲಿ ಹಿಡಿದುಕೊಂಡು ಕೈಕಂಬಿಯ ಹತ್ತಿರ ನಿಂತಿದ್ದೆ, ಗಾಳಿಗೆ ಹಾರಿ ನೀರಿಗೆ ಬಿತ್ತು. ಅದರಲ್ಲಿ ಹೆಚ್ಚೇನೂ ಇರಲಿಲ್ಲ. ಪುಸ್ತಕಗಳು ಯಾರಿಗೆ ಎಂದು ಬರೆದಿದ್ದಳು. ಜಟ್ಟಿ ಸಿಸಿಲಿಯಾ ಬಾಯಿಗೆ, ಮೀನು ತಂದಿಡುವ ಬೆಕ್ಕು ನರ್ಸ್ ಸೆಲೀನ್‌ಗೆ. ಬಿಳಿ ಪುಸ್ತಕ ನಿನಗೆ. ಆ ಬೆಕ್ಕು ಎದ್ದು ಮನೆಗೆ ಹೋಗುವ ಜಾಗ ಅವಳಿಗೆ ಎಲ್ಲಕ್ಕಿಂತ ಇಷ್ಟವಂತೆ. ಅಮ್ಮ ಓದದಿರಲಿ ಎಂದದ್ದು ನಾಚಿಕೆಗೆ. ನಿನಗೆ ಬೆಕ್ಕು ಇಷ್ಟವಿಲ್ಲ ಎನ್ನುವುದು ಸುಳ್ಳೆಂದು ಬರೆದಿದ್ದಳು, ನೀನು ಬೈಯುತ್ತೀ ಎಂದು ಹೆದರಿಕೆ.

ನೀನು ಹೇಳಿದ್ದು ಸರಿ. ಅವಳಿಗೆ ಎಂತದ್ದೂ ಗೊತ್ತಿರಲಿಲ್ಲ.

ಮೂಲೆಗಳನ್ನು ಕತ್ತರಿಸಿದ್ದು ಬೊಳ್ಳಿಗೆ ಆಡಲು ದಾರದಲ್ಲಿ ಪೋಣಿಸಿ ಕೊಡಬೇಕೆಂದು, ಅಷ್ಟೇ. ಹಾಗಂತ ಅವಳೇ ಬರೆದಿದ್ದಾಳೆ ಅಕ್ಕ.

ಭೋಜ